ಹಾಲಿನಲ್ಲಿ ನಾನು ಎಣಿಸಿದ್ದು

ಆ ಚಿಲ್ಲಿಂಗ್ ಸೆಂಟರಿನ ಗೇಟಿಗೆ ಇನ್ನೂ ಅರ್ಧ ಫರ್ಲಾಂಗು ಇರುವಾಗಲೇ ಮೂಗಿಗೆ ಸೆರಗು ಹಿಡಿಯಬೇಕಾಗುತ್ತಿತ್ತು. ಹಾಲಿನ ವಾಸನೆ ಅಂದರೆ ಜನ ಬಿಸಿ ಹಾಲಿನ, ಕೆನೆಯ, ತುಪ್ಪ ಕಾಯಿಸುವ ವಾಸನೆ ಅಂದುಕೊಳ್ಳುತ್ತಾರೆ. ಸಾವಿರಾರು ಲೀಟರ್ ಹಾಲು ಬಂದು ಹೋಗುವ ಜಾಗದ ವಾಸನೆ ಬೇರೆ. ಕ್ಯಾನು ತೊಳೆದ ನೀರು ಹಿತ್ತಲ ಚರಂಡಿಯಲ್ಲಿ ನಿಂತು, ಮೇಲೆ ಹಳದಿ ಕೆನೆ ಕಟ್ಟಿ, ಬಿಸಿಲಿಗೆ ಬಿರುಕು ಬಿಟ್ಟು, ಒಳಗಿಂದ ಗುಳ್ಳೆ ಏಳುತ್ತಿತ್ತು. ಎಳೆ ಮಗು ಕಕ್ಕಿದ ಬಟ್ಟೆಯನ್ನು ಒಗೆಯದೆ ಮೂರು ದಿನ ಮೂಲೆಗೆ ಹಾಕಿದರೆ ಹೇಗಿರುತ್ತದೋ ಹಾಗೆ. ಸಂಜೆ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡರೂ ಜಡೆಯಲ್ಲಿ ಅದೇ ವಾಸನೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಬಿ.ಎಸ್ಸಿ. ಮುಗಿಸಿ ಗೌರಿಬಿದನೂರಿನ ಮನೆಯಲ್ಲಿ ಕೂತಿದ್ದೆ. ಅಪ್ಪ ಹೈಸ್ಕೂಲ್ ಮೇಷ್ಟ್ರು. ಯಾರೋ ಹಳೆಯ ವಿದ್ಯಾರ್ಥಿ ಹೇಳಿದನೆಂದು, ಚಿಕ್ಕಬಳ್ಳಾಪುರದ ಹೊರಗಿದ್ದ ಈ ಸೆಂಟರಿನ ಲ್ಯಾಬಿನಲ್ಲಿ ಟೆಂಪರರಿ ಕೆಲಸಕ್ಕೆ ಅರ್ಜಿ ಹಾಕಿಸಿದರು. ಬೆಳಿಗ್ಗೆ ಮೊದಲ ಬಸ್ಸು ಹತ್ತಿ, ಮಂಚೇನಹಳ್ಳಿ ದಾಟಿ, ಕಿಟಕಿ ಪಕ್ಕ ತೂಕಡಿಸುತ್ತ ಹೋಗುವುದು; ಸಂಜೆ ಅದೇ ದಾರಿಯಲ್ಲಿ ವಾಪಸು.

ಕೆಲಸ ಏನೆಂದರೆ, ಹಾಲಿನಲ್ಲಿರುವ ಜೀವಕೋಶಗಳನ್ನು ಎಣಿಸುವುದು. ಯಾವುದೋ ಹೊರದೇಶದವರು ನಮ್ಮ ಕಡೆಯ ಹಾಲಿನ ಪುಡಿ ಕೊಳ್ಳುವ ಮಾತಾಡಿದ್ದರಂತೆ. ಕೊಳ್ಳುವ ಮೊದಲು ಅವರು ಕೇಳಿದ ಪ್ರಶ್ನೆ, ನಿಮ್ಮ ಹಾಲಿನಲ್ಲಿ ಹಸುವಿನ ಮೈಯಿಂದ ಬಂದ ಜೀವಕೋಶ ಎಷ್ಟು? ಅದುವರೆಗೆ ನಮ್ಮಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಕೊಬ್ಬು ನೋಡುತ್ತಿದ್ದರು, ನೀರು ಬೆರೆಸಿದ್ದಾರೋ ನೋಡುತ್ತಿದ್ದರು, ಅಲ್ಲಿಗೆ ಮುಗಿಯಿತು. ಹಾಗಾಗಿ ಒಂದು ಯೋಜನೆ ಶುರುವಾಯಿತು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಕಡೆಯ ಡೈರಿ ಸೊಸೈಟಿಗಳಿಂದ ಸಣ್ಣ ಬಾಟಲಿಗಳಲ್ಲಿ ಸ್ಯಾಂಪಲ್ ಬರುತ್ತಿತ್ತು. ಯಾವ ಹಳ್ಳಿಯ ಲೆಕ್ಕ ಮಿತಿ ಮೀರುತ್ತದೋ ಆ ಹಳ್ಳಿಗೆ ಡಾಕ್ಟರು ಹೋಗಿ, ಹಸುಗಳ ಕೆಚ್ಚಲು ನೋಡಿ, ಪುಕ್ಕಟೆ ಔಷಧಿ ಕೊಡಬೇಕು. ಕಾಗದದ ಮೇಲೆ ಒಳ್ಳೆಯ ಯೋಜನೆಯೇ.

ಲ್ಯಾಬಿನಲ್ಲಿ ನನಗಿಂತ ಮೊದಲಿನಿಂದ ಇದ್ದವರು ಚಿಂತಾಮಣಿಯ ಒಬ್ಬ ಹಿರಿಯರು. ಮಾತಿನಲ್ಲಿ ಅರ್ಧ ತೆಲುಗು, ಬಾಯಲ್ಲಿ ಯಾವಾಗಲೂ ಎಲೆಅಡಿಕೆ. ಸ್ಯಾಂಪಲ್ ಬಾಟಲಿಯ ಮುಚ್ಚಳ ತೆಗೆದು ಮೂಸಿ, "ಇದು ಶಿಡ್ಲಘಟ್ಟದ್ದು. ರೇಷ್ಮೆಹುಳ ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪು ತಿಂದೈತೆ ಹಸು" ಎನ್ನುತ್ತಿದ್ದರು. ಲೇಬಲ್ ನೋಡಿದರೆ ಎಷ್ಟೋ ಸಲ ಶಿಡ್ಲಘಟ್ಟದ್ದೇ ಆಗಿರುತ್ತಿತ್ತು. ಮೊದಲ ದಿನ ಅವರು ಒಂದು ಹನಿಗಿಂತ ಕಡಿಮೆ ಹಾಲನ್ನು ಗಾಜಿನ ಮೇಲೆ ಉಗುರಿನಷ್ಟು ಜಾಗದಲ್ಲಿ ಸವರಿ, ಒಣಗಿಸಿ, ನೀಲಿ ಬಣ್ಣದಲ್ಲಿ ಅದ್ದಿ, ತೊಳೆದು, ಮೈಕ್ರೋಸ್ಕೋಪಿನ ಕೆಳಗಿಟ್ಟರು.

"ಚೂಡಮ್ಮಾ. ಏನು ಕಾಣ್ತದೆ?"

ಮಾಸಲು ನೀಲಿಯ ಮೇಲೆ ಕಡುನೀಲಿ ಚುಕ್ಕಿಗಳು. ಕೆಲವು ದುಂಡಗೆ, ಕೆಲವು ಕಚ್ಚಿ ಬಿಟ್ಟ ಹಾಗೆ.

"ಏನ್ ಸಾರ್ ಇವು?"

"ಬಿಳಿ ರಕ್ತಕಣ. ಎಲ್ಲಾ ಹಾಲಲ್ಲೂ ಒಂದಿಷ್ಟು ಇರ್ತವೆ. ಕೆಚ್ಚಲು ಬಾತುಕೊಂಡ್ರೆ ಜಾಸ್ತಿ ಆಗ್ತವೆ. ಗಾಯಕ್ಕೆ ಕೀವು ತುಂಬಿಕೊಳ್ಳಲ್ವಾ, ಅದೇ ಇದು."

ಅಷ್ಟು ಹೇಳಿ ಅವರು ಕಿಟಕಿಯಾಚೆ ಉಗುಳಿ ಬಂದು, ಕಾಫಿ ಕುಡಿದರು. ನನ್ನ ಲೋಟ ಮೇಜಿನ ಮೇಲೆ ಆರಿ, ಕೆನೆ ಕಟ್ಟಿತು.

ಇದು ಸಹಜ, ಆರೋಗ್ಯವಂತ ಹಸುವಿನ ಹಾಲಲ್ಲೂ ಇರುವಂಥದ್ದು, ಕಾಯಿಸಿದರೆ ಯಾವ ತೊಂದರೆಯೂ ಇಲ್ಲ ಎಂದು ಪುಸ್ತಕದಲ್ಲಿ ಓದಿದೆ. ತಲೆ ಒಪ್ಪಿತು, ಹೊಟ್ಟೆ ಒಪ್ಪಲಿಲ್ಲ. ಮನೆಯಲ್ಲಿ ಅಮ್ಮ ಅನ್ನಕ್ಕೆ ಮೊಸರು ಬಡಿಸಲು ಬಂದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದೆ. "ಓದಿದ್ದು ಜಾಸ್ತಿ ಆಯ್ತು ಕಣೇ ನಿಂಗೆ" ಎಂದು ಅವಳು ಗೊಣಗುತ್ತಿದ್ದಳು.

ಒಂದೊಂದು ಗಾಜಿನ ಮೇಲೂ ಹತ್ತಾರು ಕಡೆ ಕಣ್ಣಿಟ್ಟು, ಚುಕ್ಕಿ ಎಣಿಸಿ, ಸರಾಸರಿ ತೆಗೆದು, ಗುಣಿಸಿ, ಬರೆಯಬೇಕು. ನಾಲ್ಕನೆಯ ಗಾಜಿಗೆ ಕಣ್ಣು ಉರಿಯುತ್ತಿತ್ತು. ಹತ್ತನೆಯದಕ್ಕೆ ಚುಕ್ಕಿಗಳು ತಾವೇ ಓಡಾಡುತ್ತಿದ್ದವು. ಎರಡು ಅಂಟಿಕೊಂಡಿದ್ದರೆ ಒಂದೋ, ಎರಡೋ? ಬಣ್ಣದ ಗಸಿಯೋ, ಕಣವೋ? ಕೇಳಿದರೆ ಹಿರಿಯರು, "ಮೂರು ಕಡೆ ನೋಡು, ಮಿಕ್ಕಿದ್ದು ಅಂದಾಜಿಗೆ ಬರಿ. ಯಾರಮ್ಮ ಬಂದು ಎಣಿಸ್ತಾರೆ?" ಎಂದರು. ಒಂದೆರಡು ತಿಂಗಳು ನಾನು ಹಾಗೆ ಮಾಡಲಿಲ್ಲ. ಆಮೇಲೆ ಮಾಡಿದೆ. ಅಂದಾಜು ಮಾಡುವಾಗ ಕೈ ತಾನಾಗಿಯೇ ಕಡಿಮೆ ಬರೆಯುತ್ತದೆ. ಜಾಸ್ತಿ ಬರೆದರೆ ಇನ್ನೊಮ್ಮೆ ನೋಡಬೇಕಲ್ಲ.

ಅಂದಾಜು ಮಾಡಲಾಗದಂಥ ಒಂದು ಸ್ಯಾಂಪಲ್ ಬಂತು. ಮಂಚೇನಹಳ್ಳಿಯಿಂದ ಒಳಕ್ಕೆ ಹೋಗುವ ಒಂದು ಸಣ್ಣ ಊರಿನದು; ಕ್ಯಾನಿನಿಂದಲ್ಲ, ಯಾರೋ ಒಬ್ಬರ ಪಾತ್ರೆಯಿಂದ ತುಂಬಿದ್ದು, ಯಾರದೆಂದು ಬರೆದಿರಲಿಲ್ಲ. ಗಾಜಿನ ಮೇಲೆ ಖಾಲಿ ಜಾಗವೇ ಇಲ್ಲ, ಕಡುನೀಲಿಯೇ ನೀಲಿ. ಅದನ್ನು ಡೈರಿಯ ಡಾಕ್ಟರಿಗೆ ತೋರಿಸಿದೆ. ಅವರು ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಒಳ್ಳೆಯ ಮನುಷ್ಯ. "ನಾಳೆ ಜೀಪು ಆ ಕಡೆ ಹೋಗುತ್ತೆ, ನೀವೂ ಬನ್ನಿ, ಹಾಲು ಎಲ್ಲಿಂದ ಬರುತ್ತೆ ಅಂತ ನೋಡಿದ ಹಾಗಾಗುತ್ತೆ" ಎಂದರು.

ನಾವು ಹೋದಾಗ ಸೊಸೈಟಿಯಲ್ಲಿ ಹಾಲು ಹಾಕುವ ಹೊತ್ತು. ಸೆಕ್ರೆಟರಿ ಮೇಜಿನ ಹಿಂದೆ ನಿಂತು ಒಬ್ಬೊಬ್ಬರ ಪಾತ್ರೆಯನ್ನೂ ಇಸಿದುಕೊಂಡು, ಅಳತೆ ಮಾಡಿ, ಕ್ಯಾನಿಗೆ ಸುರಿಯುತ್ತಿದ್ದ. ಸಾಲಿನ ಕೊನೆಯಲ್ಲಿ, ಮಿಕ್ಕವರಿಂದ ಎರಡು ಮಾರು ದೂರದಲ್ಲಿ, ಒಬ್ಬ ವಯಸ್ಸಾದ ಹೆಂಗಸು ನಿಂತಿದ್ದಳು. ಅವಳ ಸರದಿ ಬಂದಾಗ ಸೆಕ್ರೆಟರಿ ಪಾತ್ರೆ ಇಸಿದುಕೊಳ್ಳಲಿಲ್ಲ. ಅಳತೆಯ ಡಬ್ಬ ನೆಲದ ಮೇಲಿಟ್ಟು ಹಿಂದೆ ಸರಿದ. ಅವಳೇ ಬಗ್ಗಿ, ತನ್ನ ಪಾತ್ರೆ ಡಬ್ಬಕ್ಕೆ ತಾಗದ ಹಾಗೆ ಎತ್ತರದಿಂದ ಸುರಿದಳು. ಆಮೇಲೆ ಅವನು ಅದೇ ಡಬ್ಬ ಎತ್ತಿ, ಅದೇ ಕ್ಯಾನಿಗೆ, ಎಲ್ಲರ ಹಾಲಿನ ಮೇಲೆ ಸುರಿದ. ನೋಡುತ್ತ ನಿಂತಿದ್ದವರಲ್ಲಿ ಯಾರಿಗೂ ಏನೂ ಅನ್ನಿಸಿದ ಹಾಗೆ ಕಾಣಲಿಲ್ಲ. ಡಾಕ್ಟರು ಬೇರೆ ಕಡೆ ಮುಖ ತಿರುಗಿಸಿದರು. ನಾನು ಸ್ಯಾಂಪಲ್ ಬಾಟಲಿಗಳನ್ನು ಜೋಡಿಸತೊಡಗಿದೆ.

ಒಬ್ಬೊಬ್ಬರ ಪಾತ್ರೆಯ ತಳದಲ್ಲಿ ಉಳಿದ ಹಾಲನ್ನೂ ಪರೀಕ್ಷಿಸಿದಾಗ ದೋಷ ಇದ್ದದ್ದು ಅವಳ ಹಸುವಿನಲ್ಲೇ. ಊರಾಚೆಯ ಕೇರಿಯಲ್ಲಿ ಅವಳ ಮನೆ. ಹೆಂಚಿನ ಮಾಡು, ಸಾರಿಸಿದ ಜಗಲಿ, ಚೊಕ್ಕಟವಾದ ಅಂಗಳ. ಕೊಟ್ಟಿಗೆ ನಮ್ಮ ಲ್ಯಾಬಿಗಿಂತ ನೂರು ಪಾಲು ಶುಚಿಯಾಗಿತ್ತು. ಡಾಕ್ಟರು ನಾಲ್ಕು ಗುಂಡಿಯ ಒಂದು ಬಿಳಿ ತಟ್ಟೆ ತೆಗೆದು, ನಾಲ್ಕು ಮೊಲೆಯಿಂದಲೂ ಒಂದೊಂದು ಗುಂಡಿಗೆ ಹಾಲು ಕರೆದು, ಮೇಲೆ ಸೋಪಿನಂಥ ಒಂದು ದ್ರವ ಹಾಕಿ ಅಲ್ಲಾಡಿಸಿದರು. ಮೂರು ಗುಂಡಿಗಳಲ್ಲಿ ಹಾಲು ಹಾಲಾಗಿಯೇ ಇತ್ತು. ನಾಲ್ಕನೆಯದರಲ್ಲಿ ಅದು ಗಟ್ಟಿಯಾಗುತ್ತ, ಒಂದೇ ಮುದ್ದೆಯಾಗಿ, ಮೂಗಿನ ಸಿಂಬಳದ ಹಾಗೆ ತಟ್ಟೆಯ ಅಂಚಿನಿಂದ ಜೋತುಬಿತ್ತು. ಕೆಳಗೆ ಬೀಳದೆ ಉದ್ದಕ್ಕೆ ಎಳೆದುಕೊಂಡು ತೂಗಾಡಿತು.

"ಈ ಮೊಲೆ ಬಾತ್ಕೊಂಡು ತಿಂಗಳಾಯ್ತು ಸ್ವಾಮಿ" ಎಂದಳು ಅವಳು. "ಹಾಲಲ್ಲಿ ಒಡಕು ಒಡಕು ಬರ್ತದೆ. ಬಟ್ಟೇಲಿ ಸೋಸಿ ಹಾಕ್ತೀನಿ. ಏಂ ಚೇಯ್ಯಾಲಿ? ಏನ್ ಮಾಡ್ಲಿ ಹೇಳಿ. ಆಸ್ಪತ್ರೆ ಹತ್ರಕ್ಕೆ ಹೊಡ್ಕೊಂಡು ಹೋಗಕ್ಕೆ ನನ್ ಕೈಲಿ ಆಗ್ತದಾ?"

ಸೋಸಿದ ಬಟ್ಟೆ ಅಲ್ಲೇ ಗೂಟಕ್ಕೆ ತೂಗುತ್ತಿತ್ತು. ಅದರ ಮೇಲೆ ಹಳದಿ ಚೂರುಗಳು ಒಣಗಿ ಅಂಟಿದ್ದವು, ನೊಣ ಮುತ್ತಿತ್ತು. "ಔಷಧಿ ಕೊಡೋ ಊರುಗಳ ಪಟ್ಟಿ ಬರಲಿ ಅಜ್ಜಿ, ಮೇಲಿನವರು ಔಷಧಿ ಮಂಜೂರು ಮಾಡ್ತಾರೆ, ಆಗ ತಂದು ಹಾಕ್ತೀನಿ. ಅಲ್ಲಿವರೆಗೂ ಆ ಮೊಲೆ ಹಾಲು ಚೆಲ್ಲು" ಎಂದರು ಡಾಕ್ಟರು.

ಅಷ್ಟರಲ್ಲಿ ಅವಳು ಒಳಗೆ ಹೋಗಿ, ತೊಳೆದು ಫಳಫಳ ಹೊಳೆಯುವ ಎರಡು ಸ್ಟೀಲ್ ಲೋಟಗಳಲ್ಲಿ ನಮ್ಮಿಬ್ಬರಿಗೂ ಕಾಫಿ ತಂದಳು. ನನ್ನ ಲೋಟವನ್ನು ಕೈಗೆ ಕೊಡಲಿಲ್ಲ, ಜಗಲಿಯ ಮೇಲೆ ನನ್ನ ಪಕ್ಕದಲ್ಲಿಟ್ಟಳು. ಕಾಫಿಯ ಮೇಲೆ ಸಣ್ಣಗೆ ಏನೋ ತೇಲುತ್ತಿತ್ತು. ಕೆನೆ ಇರಬೇಕು, ಕೆನೆಯೇ ಇರಬೇಕು. ನನ್ನ ಕಣ್ಣಿಗೆ ತಟ್ಟೆಯಿಂದ ಜೋತ ಮುದ್ದೆಯೇ ಕಂಡಿತು.

"ಬೇಡಮ್ಮ. ನಾನು ಕಾಫಿ ಕುಡಿಯಲ್ಲ" ಎಂದೆ.

ಅವಳು ನನ್ನನ್ನೊಮ್ಮೆ ನೋಡಿದಳು. ಕೋಪವೂ ಇಲ್ಲ, ಬೇಜಾರೂ ಇಲ್ಲ. ಲೆಕ್ಕ ಸರಿಹೋಯಿತು ಎನ್ನುವ ಹಾಗೆ ತಲೆಯಾಡಿಸಿ ಲೋಟ ಎತ್ತಿಕೊಂಡಳು. "ಗೊತ್ತಾಯ್ತು ಬುಡಮ್ಮ" ಎಂದಳು. ಡಾಕ್ಟರು ತಮ್ಮ ಲೋಟ ಬರಿದು ಮಾಡಿ ಕೆಳಗಿಟ್ಟಿದ್ದರು.

ಅವಳಿಗೆ ಗೊತ್ತಾದದ್ದು ಏನೆಂದು ನನಗೆ ತಿಳಿದದ್ದು ಜೀಪು ಊರು ದಾಟಿದ ಮೇಲೆ. ಹಿಂದಿರುಗಿ ಹೋಗಿ, ಅದಲ್ಲಮ್ಮ, ಹಾಲಿಗೆ ಹೇಸಿ ಬೇಡವೆಂದೆ ಎಂದು ಹೇಳಬೇಕೆನಿಸಿತು. ಜೀಪು ನಿಲ್ಲಿಸಿ ಎನ್ನಲು ನಾಚಿಕೆಯಾಯಿತು.

ಮುಂದಿನ ತಿಂಗಳು ಜೀವಕೋಶ ಎಣಿಸುವ ಒಂದು ಮಿಷಿನ್ ಬಂತು. ಎಲ್ಲ ಹಳ್ಳಿಗಳ ಸ್ಯಾಂಪಲ್ಲನ್ನೂ ಒಮ್ಮೆ ಅದರಲ್ಲಿ ನೋಡಿ, ಆ ಲೆಕ್ಕದ ಮೇಲೆಯೇ ಔಷಧಿಯ ಪಟ್ಟಿ ಮಾಡುವುದೆಂದು ಮೇಲಿನಿಂದ ಆದೇಶವಾಗಿತ್ತು. ಹತ್ತು ದಿನದ ಟ್ರಯಲ್. ಅದನ್ನು ನಡೆಸಲು ಕಂಪನಿಯ ಎಂಜಿನಿಯರ್ ಒಬ್ಬರು ಬೆಂಗಳೂರಿನಿಂದ ಬಂದರು. ಟೈ ಕಟ್ಟಿದ, ನಿಧಾನವಾಗಿ ಬಿಡಿಸಿ ಹೇಳುವ ಮನುಷ್ಯ. ನಮ್ಮ ಮ್ಯಾನೇಜರು ಅದಕ್ಕೆಂದು ಒಂದು ಕೋಣೆ ಖಾಲಿ ಮಾಡಿಸಿ, ಕಿಟಕಿಗೆ ಕಪ್ಪು ಬಟ್ಟೆ ಹೊಡೆಸಿದ್ದರು.

ಎಂಜಿನಿಯರ್ ನನಗೆ ಕೈಗೆ ರಬ್ಬರ್ ಗವಸು ಹಾಕಿಸಿದರು. ಮಿಷಿನ್ನಿಗೆ ಬಿಡುವ ಮೊದಲು ಹಾಲಿಗೆ ಬೆರೆಸುವ ಬಣ್ಣ ಮನುಷ್ಯರ ಜೀವಕೋಶಕ್ಕೂ ಅಷ್ಟೇ ಸಲೀಸಾಗಿ ಅಂಟುತ್ತದಂತೆ. "ಹಾಲಿನಲ್ಲಿ ಕೊಬ್ಬಿದೆ, ಧೂಳಿದೆ, ಏನೇನೋ ಇದೆ. ಈ ಬಣ್ಣಕ್ಕೆ ಅವು ಯಾವುವೂ ಬೇಡ. ಜೀವಕೋಶದ ಒಳಗೆ ನಡುವಿನ ತಿರುಳಿರುತ್ತಲ್ಲ, ಹೋಗಿ ಅದನ್ನೇ ಹಿಡ್ಕೊಳ್ಳುತ್ತೆ" ಎಂದರು. ಬಣ್ಣ ಬೆರೆಸಿದ ಹಾಲನ್ನು ಎರಡು ಗಾಜಿನ ನಡುವಿನ ಕೂದಲೆಳೆಯಷ್ಟು ಸಂದಿಗೆ ಬಿಟ್ಟರು. ಸಂದಿಯ ಅಳತೆ ಗೊತ್ತಿರುವುದರಿಂದ ಎಷ್ಟು ಹಾಲಿನಲ್ಲಿ ಎಷ್ಟು ಕೋಶ ಎಂದು ಲೆಕ್ಕ ಸಿಗುತ್ತದೆ. ಆ ಗಾಜಿನ ಮೇಲೆ ಹಸಿರು ಬೆಳಕು ಬಿದ್ದಾಗ, ಬಣ್ಣ ಕುಡಿದ ತಿರುಳು ಆ ಹಸಿರನ್ನು ನುಂಗಿ ಕಿತ್ತಳೆ ಬಣ್ಣದ ಬೆಳಕನ್ನು ಹೊರಹಾಕುತ್ತದೆ. ನಮ್ಮ ಕಾಲೇಜಿನ ಪುಸ್ತಕದಲ್ಲಿ ಇದಕ್ಕೆ ಪ್ರತಿದೀಪ್ತಿ ಎಂಬ ಹೆಸರಿತ್ತು. ಕಣ್ಣಾರೆ ನೋಡಿದ್ದು ಅದೇ ಮೊದಲು. ನಡುವೆ ಇಟ್ಟ ಒಂದು ಫಿಲ್ಟರ್ ಹಸಿರನ್ನು ತಡೆದು, ಕಿತ್ತಳೆಯನ್ನು ಮಾತ್ರ ಕ್ಯಾಮೆರಾಕ್ಕೆ ಬಿಡುತ್ತದೆ. ಕ್ಯಾಮೆರಾ ಚಿತ್ರ ಹಿಡಿದ ಮೇಲೆ ಕಂಪ್ಯೂಟರ್ ಚುಕ್ಕಿ ಎಣಿಸುತ್ತದೆ.

ಪರದೆ ಪೂರ್ತಿ ಕಪ್ಪಾಗಿತ್ತು. ಅದರ ಮೇಲೆ ಕಿತ್ತಳೆ ಚುಕ್ಕಿಗಳು ಮೂಡಿದವು. ಚೆನ್ನಾಗಿಯೇ ಕಾಣುತ್ತಿದ್ದವು, ಅದೂ ನನಗೆ ಹೇಸಿಗೆಯೆನಿಸಿತು. ಕೀವು ಇಷ್ಟು ಚಂದ ಕಾಣಬಾರದು.

ಮೊದಲ ದಿನ ಸಂಜೆಗೆ ನನ್ನ ಹಳೆಯ ಎಣಿಕೆಯ ಪುಸ್ತಕವನ್ನೂ ಮಿಷಿನ್ನಿನ ಹಾಳೆಯನ್ನೂ ಪಕ್ಕಪಕ್ಕ ಇಟ್ಟರು. ನಾನು ಒಂದು ಎಂದು ಬರೆದ ಕಡೆ ಅದು ಮೂರು, ನಾಲ್ಕು ಎನ್ನುತ್ತಿತ್ತು. ನಾನು ಮಿತಿಯೊಳಗೆ ಬರೆದಿದ್ದ ಹಳ್ಳಿಗಳಲ್ಲಿ ಅರ್ಧಕ್ಕರ್ಧ ಮಿತಿಯಾಚೆ ಹೋಗಿದ್ದವು. ಎಂಜಿನಿಯರ್ ನನ್ನ ಮುಖ ನೋಡದೆ, "ಕೈಯಲ್ಲಿ ಎಣಿಸೋದು ಕಷ್ಟ ಮೇಡಂ" ಎಂದರು. ಆ ಮರ್ಯಾದೆಯ ಮಾತು ಕಪಾಳಕ್ಕೆ ಹೊಡೆದ ಹಾಗಿತ್ತು.

ಮ್ಯಾನೇಜರು ಹಾಳೆ ನೋಡಿ ಕೆಂಡವಾದರು. "ಏನ್ರೀ ಇದು? ಇದನ್ನ ಮೇಲಕ್ಕೆ ಕಳಿಸಿದ್ರೆ ನಮ್ಮ ಹಾಲು ಯಾವನ್ರೀ ಮುಟ್ತಾನೆ? ನಿಮ್ಮ ಮಿಷಿನ್ನಿಗೆ ಕಣ್ಣು ಸರಿಯಿಲ್ಲ."

"ಮಿಷಿನ್ ಸರಿಯಾಗೇ ಇದೆ ಸಾರ್" ಎಂದರು ಎಂಜಿನಿಯರ್. "ಎಷ್ಟು ಹೊಳೆದರೆ ಅದನ್ನ ಕೋಶ ಅಂತ ತಗೋಬೇಕು ಅನ್ನೋದನ್ನ ಮಾತ್ರ ನಾವು ಹೇಳಿಕೊಡ್ತೀವಿ. ಮಂಕಾಗಿರೋವು ಸಾಯ್ತಾ ಇರೋ ಕೋಶಗಳು, ಅವನ್ನೂ ಸೇರಿಸಬೇಕು."

ಮ್ಯಾನೇಜರಿಗೆ ಕೇಳಿಸಿದ್ದು 'ನಾವು ಹೇಳಿಕೊಡ್ತೀವಿ' ಎಂಬ ಮಾತು ಮಾತ್ರ. ಅವರು ಕುರ್ಚಿ ಎಳೆದುಕೊಂಡು ಕೂತರು. "ಹಾಗಾದ್ರೆ ಆ ಹೊಳಪಿನ ಮಿತಿನ ಸ್ವಲ್ಪ ಮೇಲಕ್ಕೆ ಮಾಡಿ ತೋರಿಸಿ."

ಎಂಜಿನಿಯರ್ ಕೀ ಒತ್ತಿದರು. ಕಂಪ್ಯೂಟರ್ ತಾನು ಎಣಿಸಿದ ಪ್ರತಿ ಚುಕ್ಕಿಯ ಸುತ್ತಲೂ ಒಂದು ಸಣ್ಣ ಬಿಳಿ ಉಂಗುರ ಹಾಕಿ ತೋರಿಸುತ್ತಿತ್ತು. ಕೀ ಒತ್ತಿದ ಹಾಗೆಲ್ಲ ಮಂಕು ಚುಕ್ಕಿಗಳ ಉಂಗುರ ಅಳಿಸಿಹೋಗುತ್ತ ಬಂತು. ಚುಕ್ಕಿ ಅಲ್ಲೇ ಇದೆ, ಉಂಗುರ ಮಾತ್ರ ಇಲ್ಲ. ಕೆಳಗಿನ ಅಂಕಿ ಇಳಿಯುತ್ತ ಹೋಯಿತು.

"ಇನ್ನೂ ಸ್ವಲ್ಪ" ಎಂದರು ಮ್ಯಾನೇಜರು. ಕಾಫಿ ಹೀರುತ್ತಿದ್ದರು. ಮೀಸೆಯ ತುದಿಯಲ್ಲಿ ಕೆನೆಯ ಚೂರೊಂದು ಅಂಟಿಕೊಂಡಿತ್ತು. "ಇನ್ನೂ ಸ್ವಲ್ಪ. ಹಾ, ಸಾಕು. ಈಗ ನೋಡ್ರಪ್ಪ, ಎಷ್ಟು ಕ್ಲೀನ್ ಆಗಿದೆ ಹಾಲು!"

ಮೂಲೆಯಲ್ಲಿ ನಿಂತಿದ್ದ ಚಿಂತಾಮಣಿಯ ಹಿರಿಯರು ಎಲೆಅಡಿಕೆ ಜಗಿಯುತ್ತ ನಕ್ಕರು. ಎಂಜಿನಿಯರ್ ನಗಲಿಲ್ಲ. ಆದರೆ ಕೀ ಒತ್ತಿದ ಬೆರಳು ಅವರದೇ.

ಮಿಕ್ಕ ಒಂಬತ್ತು ದಿನವೂ ಅದೇ ಲೆಕ್ಕದಲ್ಲಿ ಎಣಿಕೆ ನಡೆಯಿತು. ಮಂಚೇನಹಳ್ಳಿ ಕಡೆಯ ಆ ಊರಿನ ಸ್ಯಾಂಪಲ್ ಬಂದಾಗ ನಾನೇ ಗಾಜಿಗೆ ಬಿಟ್ಟೆ. ಈ ಸಲ ಇಡೀ ಊರಿನ ಕ್ಯಾನಿನಿಂದ ತೆಗೆದ ಹಾಲು. ಪರದೆಯ ತುಂಬ ಮಂಕು ಚುಕ್ಕಿ, ಸಾಯುತ್ತಿದ್ದ, ಸತ್ತ ಕಣಗಳು. ಉಂಗುರ ಬಿದ್ದದ್ದು ಅಲ್ಲೊಂದು ಇಲ್ಲೊಂದಕ್ಕೆ. ಮಿತಿಯ ಒಳಗೆ.

ವರದಿಯ ಕೊನೆಯ ಹಾಳೆಯಲ್ಲಿ 'ಎಣಿಸಿದವರು' ಎಂಬಲ್ಲಿ ಸಹಿ ನನ್ನದು ಬೇಕಿತ್ತು. "ಸಾರ್, ಮಂಕಾಗಿರೋವನ್ನ ಬಿಟ್ಟಿದ್ದೀವಿ ಅಂತ ಒಂದು ಸಾಲು ಬರೀಲಾ?" ಎಂದೆ. "ಅಂದಾಜಿಗೆ ಬರೆದೆ ಅಂತ ನಿನ್ನ ಹಳೇ ಪುಸ್ತಕದ ಬಗ್ಗೇನೂ ಬರಿಯಮ್ಮ ಹಾಗಾದ್ರೆ" ಎಂದರು ಮ್ಯಾನೇಜರು, ನಗುನಗುತ್ತಲೇ. ಸಹಿ ಹಾಕಿದೆ. ಪೆನ್ನು ಹಿಡಿದ ಬೆರಳಿಗೆ ರಬ್ಬರ್ ಗವಸಿನ ಬೆವರು ವಾಸನೆ ಇತ್ತು.

ಔಷಧಿಯ ಪಟ್ಟಿ ಬಂದಾಗ ಅದರಲ್ಲಿ ಆ ಊರಿನ ಹೆಸರಿರಲಿಲ್ಲ. ಡಾಕ್ಟರು ಪಟ್ಟಿಯನ್ನು ಎರಡು ಸಲ ಓದಿ ನನ್ನತ್ತ ನೋಡಿದರು. ನಡೆದದ್ದೆಲ್ಲ ಅವರಿಗೆ ಹೇಳಿದೆ, ನನ್ನ ಅಂದಾಜಿನ ಲೆಕ್ಕವನ್ನೂ ಬಿಡದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೀರು ತೆಗೆದು, ಪಟ್ಟಿಯ ಊರುಗಳಿಗೆಂದು ಬಂದಿದ್ದ, ಮೊಲೆಯ ತೂತಿಗೆ ಏರಿಸುವ ಸಣ್ಣ ಔಷಧಿ ಟ್ಯೂಬುಗಳ ಒಂದು ಕಟ್ಟು ಕೈಗಿಟ್ಟರು. "ಪಟ್ಟಿಯಲ್ಲಿಲ್ಲದ ಊರಿಗೆ ಜೀಪು ಕೊಡಲ್ಲ. ನೀವು ಬಸ್ಸಲ್ಲಿ ಹೋಗ್ತೀರಲ್ಲ, ಕೊಟ್ಟುಬಿಡಿ. ಹೇಗೆ ಹಾಕಬೇಕು ಅಂತ ಹೇಳಿಕೊಡ್ತೀನಿ."

ಭಾನುವಾರ ಬೆಳಿಗ್ಗೆ ಮಂಚೇನಹಳ್ಳಿಯಲ್ಲಿ ಇಳಿದು, ಎರಡು ಮೈಲಿ ನಡೆದು ಹೋದೆ. ಮುದುಕಿ ಹಸುವಿನ ಮೈ ತಿಕ್ಕುತ್ತಿದ್ದಳು. ನನ್ನ ಗುರುತು ಹಿಡಿದಳು, ಕೂತುಕೋ ಎನ್ನಲಿಲ್ಲ. ಟ್ಯೂಬು ಹೇಗೆ ಹಾಕಬೇಕೆಂದು ತೋರಿಸಿದೆ. ಆ ಮೊಲೆಯನ್ನು ಪೂರ್ತಿ ಕರೆದು ಖಾಲಿ ಮಾಡಬೇಕಿತ್ತು. ಅವಳು ಹಿಂಡಿದಾಗ ಬಂದದ್ದು ಹಾಲಲ್ಲ, ಮೊಸರು ಒಡೆದಂಥ ಗಂಟುಗಳು, ಹಳದಿ ನೀರು, ಒಂದು ಎಳೆ ರಕ್ತ. ನಾತಕ್ಕೆ ನಾನು ಗೋಡೆಯ ಕಡೆ ತಿರುಗಿ ನಿಂತೆ. ಅವಳು ಬರಿಗೈಯಲ್ಲಿ ಅದನ್ನೆಲ್ಲ ಹಿಂಡಿ, ಮಣ್ಣು ಮುಚ್ಚಿ, ಟ್ಯೂಬು ಹಾಕಿ, ಕೈ ತೊಳೆದು ಬಂದಳು.

"ಅಜ್ಜಿ, ಅವತ್ತು ಕಾಫಿ ಬೇಡ ಅಂದಿದ್ದು ಜಾತಿ ಅಂತ ಅಲ್ಲ" ಎಂದೆ. "ಆ ಹಾಲು ನೋಡಿ ನನಗೆ ಅಸಹ್ಯ ಆಗಿತ್ತು. ಅದಕ್ಕೆ."

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಅವತ್ತು ಕಾಫಿಗೆ ಹಾಕಿದ್ದು ಚೆನ್ನಾಗಿರೋ ಮೊಲೆ ಹಾಲು ಕಣಮ್ಮ. ಕೆಟ್ಟಿದ್ದನ್ನ ಮನೇಗೆ ಬಂದೋರಿಗೆ ಕೊಡ್ತೀನಾ?" ಎಂದಳು. "ಆ ಡಾಕ್ಟ್ರೂ ನೋಡಿದ್ರು ಅದೇ ತಟ್ಟೆನ. ಅವ್ರು ಕುಡಿದ್ರಲ್ಲ."

ಡಾಕ್ಟರ ಮನೆಯ ಲೋಟವಾಗಿದ್ದರೆ, ನಮ್ಮ ಬೀದಿಯ ಯಾರದೋ ಮನೆಯ ಲೋಟವಾಗಿದ್ದರೆ, ಅದೇ ಮುದ್ದೆಯನ್ನು ಕಂಡ ಮೇಲೂ ಒಂದು ಗುಟುಕಾದರೂ ಬಾಯಿಗೆ ಹಚ್ಚುತ್ತಿದ್ದೆನೋ ಏನೋ. ನನ್ನ ಹೊಟ್ಟೆ ಯಾವುದಕ್ಕೆ ಹೇಸಿತ್ತು ಎಂದು ಆ ದಿನ ಕೊಟ್ಟಿಗೆಯಲ್ಲಿ ನಿಂತು ನನಗೇ ಖಾತ್ರಿಯಾಗಿ ಹೇಳಲಾಗಲಿಲ್ಲ. ಹಾಲನ್ನು ಕಂಡು ಹೇಸಿಕೊಂಡದ್ದಕ್ಕಿಂತ ಹೆಚ್ಚಾಗಿ ಆ ಕ್ಷಣ ನನ್ನನ್ನು ಕಂಡು ಹೇಸಿಕೊಂಡೆ.

ಹಸು ಬದುಕಿತು. ಆ ಒಂದು ಮೊಲೆ ಬತ್ತಿಹೋಯಿತಂತೆ, ಮಿಕ್ಕ ಮೂರರಲ್ಲಿ ಕರೆಯುತ್ತಿದ್ದಾಳೆ ಎಂದು ಡಾಕ್ಟರು ಆಮೇಲೊಮ್ಮೆ ಹೇಳಿದರು. ಅಷ್ಟರಲ್ಲಿ ಮಿಷಿನ್ ಪೆಟ್ಟಿಗೆ ಸೇರಿ ಬೆಂಗಳೂರಿಗೆ ಹೋಗಿತ್ತು. ಪಟ್ಟಿಯಿಂದ ಜಾರಿಹೋದ ಬೇರೆ ಊರುಗಳಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ. ನಾನು ಬಸ್ಸು ಹತ್ತಿ ಹೋದದ್ದು ಒಂದೇ ಊರಿಗೆ. ಇನ್ನೆರಡು ತಿಂಗಳಿಗೆ ಕೆಲಸ ಬಿಟ್ಟೆ. ಅಪ್ಪ ಒಂದು ವಾರ ನನ್ನೊಂದಿಗೆ ಮಾತಾಡಲಿಲ್ಲ.

ಆಮೇಲೆ ಒಂದು ದಿನ ಮನೆಗೆ ಕಾಗದ ಬಂತು. ನಮ್ಮ ಸೆಂಟರಿನ ಹಾಲಿನ ಗುಣಮಟ್ಟ ಮೆಚ್ಚತಕ್ಕದ್ದು, ಎಣಿಕೆಯಲ್ಲಿ ಶ್ರದ್ಧೆ ತೋರಿಸಿದ ಸಿಬ್ಬಂದಿಗೆ ಅಭಿನಂದನೆ ಎಂದು ಟೈಪು ಮಾಡಿ, ನನ್ನ ಹೆಸರು ಬರೆದು, ಮೊಹರು ಒತ್ತಿದ್ದರು. ಹರಿದು ಹಾಕಬೇಕೆಂದು ಹುಡುಕುವಷ್ಟರಲ್ಲಿ ಅಪ್ಪ ಅದನ್ನು ಪೇಟೆಗೆ ಒಯ್ದು ಕಟ್ಟು ಹಾಕಿಸಿಕೊಂಡು ಬಂದಿದ್ದರು. ಸ್ಟೂಲ್ ಹತ್ತಿ ತಾವೇ ಮೊಳೆ ಹೊಡೆದು, ನಡುಮನೆಯಲ್ಲಿ, ಬಂದವರಿಗೆ ಮೊದಲು ಕಣ್ಣಿಗೆ ಬೀಳುವ ಗೋಡೆಗೆ ತೂಗುಹಾಕಿದರು. ಎಷ್ಟೋ ದಿನದ ಮೇಲೆ ಅವರ ಮುಖ ಅರಳಿತ್ತು; ಅದು ಸುಳ್ಳು ಅಪ್ಪ ಎನ್ನಲು ನನ್ನಿಂದ ಆಗಲಿಲ್ಲ. ಮದುವೆಯಾಗಿ ಆ ಮನೆ ಬಿಡುವವರೆಗೂ ನಾನು ಊಟಕ್ಕೆ ಆ ಗೋಡೆಗೆ ಬೆನ್ನು ಹಾಕಿಯೇ ಕೂರುತ್ತಿದ್ದೆ.